ಹಸುಗೂಸಿನ ಹೃದಯಕ್ಕೆ ಬಲೂನು, ಬಟನ್, ಸ್ಟೆಂಟು: ಹಾಸನದ ಮಗು ಹೊತ್ತಿಗೆ ಸರಿಯಾಗಿ ಅಲ್ಲಿಗೆ ತಲುಪುತ್ತಾ?

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಯಾರು ಸಿಕ್ಕರೂ ಹಾರ್ಟ್ ಅಟ್ಯಾಕ್ ಮಾತೇ. ಚಿಕ್ಕ ವಯಸ್ಸಿನವರು ದಿಢೀರನೆ ತೀರಿಕೊಂಡ ಸುದ್ದಿ ಮೇಲಿಂದ ಮೇಲೆ ಬರುತ್ತಿತ್ತು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಗಾಬರಿಪಡುವಷ್ಟು ಏರಿಕೆ ಏನೂ ಇಲ್ಲ ಅಂತ ವರದಿಯೂ ಬಂತು. ಆಮೇಲೆ ಮಾತು ತಣ್ಣಗಾಯಿತು.

ಅಷ್ಟು ಗದ್ದಲದ ನಡುವೆ ಹುಟ್ಟುತ್ತಲೇ ಹೃದಯದ ತೊಂದರೆ ಇಟ್ಟುಕೊಂಡು ಬರುವ ಮಕ್ಕಳ ವಿಷಯ ಹೆಚ್ಚು ಬರಲಿಲ್ಲ. ಬರಬೇಕಿತ್ತು. ಯಾಕೆಂದರೆ ಅವರಲ್ಲಿ ಬಹಳ ಮಕ್ಕಳನ್ನು ಉಳಿಸುವ ದಾರಿ ಗೊತ್ತಿದೆ. ಎಷ್ಟೋ ಸಲ ಎದೆ ಕುಯ್ಯುವ ಅಗತ್ಯವೂ ಇಲ್ಲ, ತೊಡೆಸಂದಿಯಿಂದ ತೆಳ್ಳನೆಯ ನಳಿಕೆ ಕಳಿಸಿ ಒಳಗಿನ ಕೆಲಸ ಮುಗಿಸಬಹುದು. ಆ ಕೆಲಸ ಬಲ್ಲ ಡಾಕ್ಟರುಗಳು ಬೆಂಗಳೂರು, ಮೈಸೂರು, ಮಣಿಪಾಲ, ಮಂಗಳೂರು ಕಡೆ ಇದ್ದಾರೆ. ನಮ್ಮಲ್ಲಿ ಕೊರತೆ ಇರುವುದು ಅದಕ್ಕೂ ಮುಂಚಿನ ಹೆಜ್ಜೆಯಲ್ಲಿ. ತೊಂದರೆ ಇದೆ ಅಂತ ಹೆರಿಗೆ ವಾರ್ಡಿನಲ್ಲೇ ಗೊತ್ತಾಗುವುದರಲ್ಲಿ, ಗೊತ್ತಾದ ಮೇಲೆ ಮಗು ಬದುಕಿರುವಾಗಲೇ ಅಲ್ಲಿಗೆ ತಲುಪುವುದರಲ್ಲಿ.

ಇದು ಅಪರೂಪದ ಕಾಯಿಲೆ ಅಂದುಕೊಳ್ಳಬೇಡಿ. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 8-9 ಮಕ್ಕಳಿಗೆ ಹೃದಯದ ರಚನೆಯಲ್ಲಿ ಏನಾದರೊಂದು ವ್ಯತ್ಯಾಸ ಇರುತ್ತದೆ. ಲೋಕದಲ್ಲೆಲ್ಲ ಹೆಚ್ಚುಕಡಿಮೆ ಇದೇ ಲೆಕ್ಕ. ತಿಂಗಳಿಗೆ 300 ಹೆರಿಗೆ ಆಗುವ ಒಂದು ಆಸ್ಪತ್ರೆ ಇದೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 30 ಮಕ್ಕಳ ಆಸುಪಾಸು ಆಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಣ್ಣಪುಟ್ಟದ್ದು, ಕೆಲವು ತಾನಾಗಿಯೇ ಮುಚ್ಚಿಕೊಳ್ಳುತ್ತವೆ. ಆದರೆ ಆರೇಳು ಮಕ್ಕಳಿಗೆ ಮೊದಲ ವರ್ಷದಲ್ಲೇ, ಕೆಲವರಿಗೆ ಮೊದಲ ವಾರದಲ್ಲೇ ಚಿಕಿತ್ಸೆ ಬೇಕು. ನನ್ನ ಮಾತೆಲ್ಲ ಮುಖ್ಯವಾಗಿ ಈ ಆರೇಳು ಮಕ್ಕಳ ಬಗ್ಗೆ.

ನಮ್ಮ ಕಡೆ ಎಲ್ಲದಕ್ಕೂ 'ಹಾರ್ಟಲ್ಲಿ ತೂತು' ಅಂದುಬಿಡುತ್ತಾರೆ. ತೂತು ಒಂದು ಬಗೆ ಅಷ್ಟೇ. ಕವಾಟ ಕಿರಿದಾಗಿರಬಹುದು, ದೊಡ್ಡ ರಕ್ತನಾಳ ಒಂದು ಕಡೆ ಸೊಂಟ ಬಿಗಿದ ಹಾಗೆ ಸಣ್ಣಗಾಗಿರಬಹುದು, ಎರಡು ದೊಡ್ಡ ನಾಳಗಳು ಅದಲುಬದಲಾಗಿ ಹುಟ್ಟಿಕೊಂಡಿರಬಹುದು. ಯಾವುದು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅದು ತಿಳಿಯುವುದು ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ.

ಹೊಟ್ಟೆಯಲ್ಲಿರುವಾಗ ಮಗು ಉಸಿರಾಡುವುದಿಲ್ಲ, ಶ್ವಾಸಕೋಶಕ್ಕೆ ಜಾಸ್ತಿ ರಕ್ತ ಬೇಕಿಲ್ಲ. ಹಾಗಾಗಿ ಶ್ವಾಸಕೋಶಕ್ಕೆ ಹೋಗುವ ನಾಳಕ್ಕೂ ಮೈಗೆಲ್ಲ ರಕ್ತ ಒಯ್ಯುವ ಮಹಾನಾಳಕ್ಕೂ ನಡುವೆ ಒಂದು ಅಡ್ಡನಾಳ ತೆರೆದಿರುತ್ತದೆ. ಡಕ್ಟಸ್ ಅನ್ನುತ್ತಾರೆ. ಹುಟ್ಟಿದ ಎರಡು-ಮೂರು ದಿನದಲ್ಲಿ ಅದು ಮುಚ್ಚಿಕೊಳ್ಳಬೇಕು, ಆರೋಗ್ಯವಾಗಿರುವ ಮಕ್ಕಳಲ್ಲಿ ಮುಚ್ಚಿಕೊಳ್ಳುತ್ತದೆ. ಈಗ ಒಂದು ಮಗುವಿಗೆ ಶ್ವಾಸಕೋಶದ ಕವಾಟವೇ, ಅಂದರೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ದಾರಿಯ ಬಾಗಿಲೇ, ಮುಚ್ಚಿಹೋಗಿದೆ ಅಂದುಕೊಳ್ಳಿ. ಆ ಮಗುವಿನ ಶ್ವಾಸಕೋಶಕ್ಕೆ ರಕ್ತ ಹೋಗುತ್ತಿರುವುದೇ ಈ ಅಡ್ಡನಾಳದಿಂದ. ಅದು ತೆರೆದಿರುವಷ್ಟು ಹೊತ್ತು ಮಗು ಅಳುತ್ತದೆ, ಹಾಲು ಕುಡಿಯುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಎರಡನೇ ದಿನ ಡಿಸ್ಚಾರ್ಜ್ ಆಗುತ್ತದೆ, 'ನಗು-ಮಗು' ವಾಹನದಲ್ಲಿ ತವರುಮನೆಗೆ ಹೋಗುತ್ತದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಅಡ್ಡನಾಳ ಮುಚ್ಚುತ್ತದೆ. ಆವಾಗ ಮಗು ಅರಕಲಗೂಡಿನ ಒಂದು ಹಳ್ಳಿಯಲ್ಲೋ ಕಳಸದ ಒಂದು ತೋಟದ ಮನೆಯಲ್ಲೋ ಇರುತ್ತದೆ. ಆಸ್ಪತ್ರೆಯಲ್ಲಿ ಎಲ್ಲ ಸರಿ ಇತ್ತಲ್ಲ ಅಂತ ಮನೆಯವರು ಅಳುತ್ತಾರೆ. ಅವರ ಮಾತು ನಿಜ, ಅಲ್ಲಿ ಸರಿ ಇದ್ದ ಹಾಗೇ ಕಂಡಿತ್ತು.

ಇನ್ನು ನಳಿಕೆ ಚಿಕಿತ್ಸೆ. ನಳಿಕೆಯಿಂದ ಹೃದಯದ ಒಳಗೆ ಹೋಗಬಹುದು ಅಂತ ತೋರಿಸಿದವರು ಜರ್ಮನಿಯ ವರ್ನರ್ ಫೋರ್ಸ್‌ಮನ್. 1929ರಲ್ಲಿ ತಮ್ಮದೇ ತೋಳಿನ ನಾಳದಿಂದ ತೂರಿಸಿಕೊಂಡು ಎಕ್ಸ್‌ರೇ ತೆಗೆಸಿಕೊಂಡರು. 1956ರಲ್ಲಿ ಅವರಿಗೆ ನೊಬೆಲ್ ಬಂತು. ಮಕ್ಕಳಿಗೆ ಇದು ಚಿಕಿತ್ಸೆಯಾಗಿ ಬಂದಿದ್ದು 1966ರಲ್ಲಿ, ಅಮೆರಿಕದ ವಿಲಿಯಂ ರಾಶ್‌ಕಿಂಡ್ ಅವರಿಂದ. ಅವರು ಮಾಡಿದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಇವತ್ತಿಗೂ ಅದೇ ಕ್ರಮ ನಡೆಯುತ್ತಿದೆ.

ದೊಡ್ಡ ನಾಳಗಳು ಅದಲುಬದಲಾದ ಮಗುವಿನಲ್ಲಿ ಮೈಯಿಂದ ಬಂದ ಕೆಟ್ಟ ರಕ್ತ ಮತ್ತೆ ಮೈಗೇ ಹೋಗುತ್ತದೆ, ಶ್ವಾಸಕೋಶದಿಂದ ಬಂದ ಒಳ್ಳೆಯ ರಕ್ತ ಮತ್ತೆ ಶ್ವಾಸಕೋಶಕ್ಕೇ. ಎರಡೂ ಎಲ್ಲಾದರೂ ಬೆರೆಯದಿದ್ದರೆ ಮಗು ಉಳಿಯುವುದಿಲ್ಲ. ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದ ಒಂದು ಸಣ್ಣ ಕಿಂಡಿ ಇರುತ್ತದೆ, ಆದರೆ ಅದು ಸಾಲದು. ಡಾಕ್ಟರು ತೊಡೆಸಂದಿಯ ನಾಳದಿಂದಲೋ, ಮೊದಲ ದಿನಗಳಾದರೆ ಹೊಕ್ಕುಳ ಬಳ್ಳಿಯ ನಾಳದಿಂದಲೋ, ತುದಿಯಲ್ಲಿ ಖಾಲಿ ಬಲೂನು ಇರುವ ನಳಿಕೆ ತೂರಿಸಿ ಆ ಕಿಂಡಿ ದಾಟಿಸುತ್ತಾರೆ. ಎಕೋ ಪರದೆಯಲ್ಲಿ ತುದಿ ಎಡಗೋಣೆಯಲ್ಲೇ ಇದೆ ಅಂತ ಖಾತ್ರಿ ಮಾಡಿಕೊಂಡು ಬಲೂನಿಗೆ ಕೆಲವೇ ಮಿಲಿಲೀಟರ್ ದ್ರವ ತುಂಬುತ್ತಾರೆ. ಆಮೇಲೆ ಒಂದೇ ಎಳೆತ, ಚುರುಕಾಗಿ, ಅಳತೆ ಮೀರದ ಹಾಗೆ. ಬಲೂನು ಕಿಂಡಿಯನ್ನು ಹರಿದುಕೊಂಡು ಬಲಗಡೆಗೆ ಬರುತ್ತದೆ. ಕಿಂಡಿ ದೊಡ್ಡದಾಯಿತು, ರಕ್ತ ಬೆರೆಯಿತು. ಅಷ್ಟು ಹೊತ್ತು 50, 60 ಅಂತ ತೋರಿಸುತ್ತಿದ್ದ ಆಕ್ಸಿಜನ್ ಅಂಕಿ ನೋಡನೋಡುತ್ತಿದ್ದಂತೆ ಮೇಲೇರುತ್ತದೆ. ಇದನ್ನು ಎಷ್ಟೋ ಕಡೆ ಐಸಿಯು ಹಾಸಿಗೆಯಲ್ಲೇ ಮಾಡುತ್ತಾರೆ. ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ, ಸಮಯ ಸಿಗುತ್ತದೆ. ನಾಳಗಳನ್ನು ಸರಿಯಾದ ಜಾಗಕ್ಕೆ ಕೂರಿಸುವ ದೊಡ್ಡ ಆಪರೇಷನ್ ಸಾಮಾನ್ಯವಾಗಿ ಮೊದಲ ಎರಡು-ಮೂರು ವಾರದಲ್ಲಿ ಆಗಬೇಕು.

ಕವಾಟ ಕಿರಿದಾದ ಮಕ್ಕಳಿಗೆ ಬಲೂನು ಬೇರೆ ಕೆಲಸ ಮಾಡುತ್ತದೆ. ಶ್ವಾಸಕೋಶದ ಕವಾಟದ ನಡುವೆ ಬಲೂನು ಇಟ್ಟು ಉಬ್ಬಿಸಿದರೆ ಅಂಟಿಕೊಂಡ ಎಸಳುಗಳು ಬಿಟ್ಟುಕೊಳ್ಳುತ್ತವೆ. 1982ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಜೀನ್ ಕ್ಯಾನ್ ಇದನ್ನು ವರದಿ ಮಾಡಿದ ಮೇಲೆ ಈ ತೊಂದರೆಗೆ ಮೊದಲ ಆಯ್ಕೆಯೇ ಬಲೂನು ಆಗಿಬಿಟ್ಟಿತು. ಬಹಳ ಮಕ್ಕಳಿಗೆ ಒಂದೇ ಸಲಕ್ಕೆ ಸಾಕಾಗುತ್ತದೆ. ಮಹಾನಾಳದ ಕವಾಟಕ್ಕೂ ಬಲೂನು ಹಾಕುತ್ತಾರೆ, ಆದರೆ ಅಲ್ಲಿ ಫಲ ಅಷ್ಟು ಗಟ್ಟಿಯಲ್ಲ. ಮುಂದೆ ಮತ್ತೊಂದು ಚಿಕಿತ್ಸೆ ಬೇಕಾಗುವುದೇ ಹೆಚ್ಚು.

ಮೊದಲು ಹೇಳಿದ ಅಡ್ಡನಾಳ ಕೆಲವು ಮಕ್ಕಳಲ್ಲಿ, ಅದರಲ್ಲೂ ತಿಂಗಳು ತುಂಬದೆ ಹುಟ್ಟಿದವರಲ್ಲಿ, ಮುಚ್ಚಿಕೊಳ್ಳುವುದೇ ಇಲ್ಲ. ಶ್ವಾಸಕೋಶಕ್ಕೆ ರಕ್ತ ನುಗ್ಗಿ ಮಗು ವೆಂಟಿಲೇಟರ್ ಬಿಟ್ಟು ಈಚೆಗೆ ಬರದ ಸ್ಥಿತಿ ಬರುತ್ತದೆ. ಇದನ್ನು ಮುಚ್ಚುವ ಸಾಧನ ನಿಟಿನಾಲ್ ಅನ್ನುವ ನಿಕಲ್-ಟೈಟಾನಿಯಂ ತಂತಿಯ ಹೆಣಿಗೆ. ಎಳೆದು ನಳಿಕೆಯೊಳಗೆ ತುಂಬಿದರೆ ದಾರದಂತೆ ನೀಳವಾಗುತ್ತದೆ, ಹೊರಬಿಟ್ಟ ಕೂಡಲೇ ತನ್ನ ಮೊದಲಿನ ಆಕಾರಕ್ಕೆ ಬರುತ್ತದೆ. ಜನ ಬಟನ್, ಛತ್ರಿ ಅನ್ನುವುದು ಇದನ್ನೇ. 2019ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 700 ಗ್ರಾಂ ತೂಕದ ಮಗುವಿಗೂ ಹಾಕಬಹುದಾದ ಪಿಕೊಲೊ ಅನ್ನುವ ಸಾಧನಕ್ಕೆ ಒಪ್ಪಿಗೆ ಕೊಟ್ಟಿತು. ಅದು ಬಟಾಣಿ ಕಾಳಿಗಿಂತ ಚಿಕ್ಕದು. ಇದಕ್ಕೆ ತದ್ವಿರುದ್ಧ ಕೆಲಸವೂ ಇದೆ. ಅಡ್ಡನಾಳ ತೆರೆದೇ ಇರಬೇಕಾದ ಮಗುವಿಗೆ ಅದರೊಳಗೆ 3.5 ಅಥವಾ 4 ಮಿಲಿಮೀಟರಿನ ಸ್ಟೆಂಟು, ಅಂದರೆ ಜಾಲರಿಯಂಥ ಸಣ್ಣ ಕೊಳವೆ, ಇಟ್ಟು ಮುಚ್ಚದಂತೆ ಹಿಡಿದಿಡುತ್ತಾರೆ. ಮಗು ಕೆಲವು ತಿಂಗಳು ಬೆಳೆದು ದೊಡ್ಡ ಆಪರೇಷನ್‌ಗೆ ಸಿದ್ಧವಾಗುವ ತನಕ ಅದು ದಾರಿ ಕಾಯುತ್ತದೆ.

ಕೇಳುವುದಕ್ಕೆ ಸುಲಭ ಅನ್ನಿಸಬಹುದು. ಸುಲಭವಲ್ಲ. ಮೂರು ಕೆಜಿ ಮಗುವಿನ ಮೈಯಲ್ಲಿರುವ ರಕ್ತ ಒಟ್ಟು ಕಾಲು ಲೀಟರ್. ಅದರಲ್ಲಿ 20 ಮಿಲಿಲೀಟರ್ ಹೋದರೂ ಡಾಕ್ಟರ ಮುಖ ಗಂಭೀರವಾಗುತ್ತದೆ. ತೊಡೆಯ ನಾಳದ ಅಗಲವೇ ಎರಡು-ಮೂರು ಮಿಲಿಮೀಟರ್, ಅದರೊಳಗೆ ನಳಿಕೆ ಹೋಗಬೇಕು. ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕಾಲು ತಣ್ಣಗಾಗಬಹುದು, ಬಡಿತ ಏರುಪೇರಾಗಬಹುದು, ಬಟನ್ ಜಾರಿ ಬೇರೆ ಕಡೆ ಹೋಗಬಹುದು. ಇವೆಲ್ಲ ದಿನಾ ಆಗುವಂಥವಲ್ಲ, ಆದರೂ ಆಗುತ್ತವೆ. ಹಾಗಾಗಿಯೇ ಪಕ್ಕದಲ್ಲಿ ಮಕ್ಕಳ ಹೃದಯ ಸರ್ಜನ್ ಇರುವ ಕಡೆಯೇ ಇದನ್ನು ಮಾಡಿಸಬೇಕು. ದೊಡ್ಡವರಿಗೆ ಆಂಜಿಯೋಪ್ಲಾಸ್ಟಿ ಮಾಡುವ ಲ್ಯಾಬ್ ಊರಲ್ಲಿದೆ, ಅಲ್ಲೇ ಮಾಡಬಹುದಲ್ವಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಮಗುವನ್ನು ಬೆಚ್ಚಗಿಡುವ ವ್ಯವಸ್ಥೆ, ಎಳೆ ಮಕ್ಕಳಿಗೆ ಅರಿವಳಿಕೆ ಕೊಟ್ಟು ಪಳಗಿದವರು, ಮಕ್ಕಳ ಐಸಿಯು ನರ್ಸುಗಳು, ಎಲ್ಲ ಬೇರೆಯೇ ತಂಡ.

ಇಲ್ಲಿ ಮನೆಯವರಿಗೆ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. 'ಆಪರೇಷನ್ ಇಲ್ದೆ ಮುಚ್ತಾರಂತೆ' ಅನ್ನುವ ಸುದ್ದಿ ಊರೂರು ತಲುಪಿದೆ. ಒಳ್ಳೆಯದೇ. ಆದರೆ ಆ ಸುದ್ದಿ ಕೇಳಿ ಆಪರೇಷನ್ ಬೇಕಾದ ಮಗುವನ್ನು ಮನೆಯಲ್ಲಿಟ್ಟುಕೊಂಡು ಕಾಯುವವರೂ ಇದ್ದಾರೆ. ಕೆಳಗಿನ ಎರಡು ಕೋಣೆಗಳ ನಡುವೆ ದೊಡ್ಡ ತೂತಿದ್ದರೆ, ಅಂದರೆ ದೊಡ್ಡ ವಿಎಸ್‌ಡಿ ಇದ್ದರೆ, ಎಳೆ ಮಗುವಿಗೆ ಸಾಮಾನ್ಯವಾಗಿ ಎದೆ ತೆರೆದು ಮಾಡುವ ಆಪರೇಷನ್ನೇ ದಾರಿ. ಬಟನ್ ಹಾಕಲು ತೂಕ ಸಾಲದು, ತೂತಿರುವ ಜಾಗವೂ ಎಷ್ಟೋ ಸಲ ಕವಾಟಕ್ಕೆ ಅಂಟಿಕೊಂಡಿರುತ್ತದೆ. ಸ್ವಲ್ಪ ದೊಡ್ಡದಾಗಲಿ, ಎದೆ ಕುಯ್ಯಿಸುವುದು ಬೇಡ ಅಂತ ಎರಡು ವರ್ಷ, ಮೂರು ವರ್ಷ ತಳ್ಳಿದರೆ ಶ್ವಾಸಕೋಶದ ನಾಳಗಳು ಗಟ್ಟಿಯಾಗಿ ಒತ್ತಡ ಏರುತ್ತದೆ. ಒಂದು ಹಂತ ದಾಟಿದರೆ ರಕ್ತ ಉಲ್ಟಾ ಹರಿಯಲು ಶುರುವಾಗುತ್ತದೆ. ಐಸನ್‌ಮೆಂಗರ್ ಅನ್ನುವ ಸ್ಥಿತಿ ಅದು. ಆಮೇಲೆ ಯಾವ ಸರ್ಜನ್ನೂ ಆ ತೂತು ಮುಚ್ಚುವುದಿಲ್ಲ, ಮುಚ್ಚಿದರೆ ಮಗುವಿಗೇ ಅಪಾಯ. ಆರು ತಿಂಗಳಿಗೆ ಆಗಬಹುದಾಗಿದ್ದ ಕೆಲಸ ಆರು ವರ್ಷಕ್ಕೆ ಆಗದ ಕೆಲಸವಾಗುತ್ತದೆ. ಇನ್ನೊಂದು ಮೋಸ ಇದರಲ್ಲಿದೆ. ಒತ್ತಡ ಏರುತ್ತಾ ಹೋದಾಗ ಮಗುವಿನ ದಮ್ಮು ಕಮ್ಮಿಯಾಗಿ ಸುಧಾರಿಸಿದ ಹಾಗೆ ಕಾಣಬಹುದು. ದೇವರು ಕಣ್ಣುಬಿಟ್ಟ ಅಂತ ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ.

ಅದೇ ಮೇಲಿನ ಕೋಣೆಗಳ ನಡುವಿನ ತೂತಾದರೆ, ಎಎಸ್‌ಡಿ ಆದರೆ, ಅವಸರ ಬೇಡ. ಸಣ್ಣದು ತಾನಾಗಿ ಮುಚ್ಚಬಹುದು, ದೊಡ್ಡದನ್ನು ಮೂರು-ನಾಲ್ಕು ವರ್ಷದ ಮೇಲೆ ಬಟನ್‌ನಿಂದ ಮುಚ್ಚುತ್ತಾರೆ. ಒಂದಕ್ಕೆ ಕಾಯಬೇಕು, ಇನ್ನೊಂದಕ್ಕೆ ಕಾಯಬಾರದು. ಎರಡಕ್ಕೂ ಊರಲ್ಲಿರುವ ಹೆಸರು 'ತೂತು'. ಹಾಗಾಗಿ ಪಕ್ಕದ ಮನೆ ಮಗುವಿನ ಕಥೆ ಕೇಳಿ ನಮ್ಮ ಮಗುವಿನ ತೀರ್ಮಾನ ಮಾಡಬಾರದು. ಎಕೋ ರಿಪೋರ್ಟ್ ತೋರಿಸಿ, ಇದಕ್ಕೆ ಗಡುವು ಯಾವಾಗ ಅಂತ ಡಾಕ್ಟರನ್ನು ನೇರವಾಗಿ ಕೇಳಬೇಕು.

ಗುರುತಿಸುವುದು ಹೇಗೆ? ಐದು ತಿಂಗಳ ಸ್ಕ್ಯಾನಿಂಗ್‌ನಲ್ಲಿ, 18ರಿಂದ 22 ವಾರದ ನಡುವೆ, ಕೆಲವು ದೊಡ್ಡ ದೋಷ ಕಾಣುತ್ತವೆ. ಎಲ್ಲವೂ ಕಾಣುವುದಿಲ್ಲ. ಕಂಡರೆ ಹೆರಿಗೆಯನ್ನೇ ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸುವ ಯೋಚನೆ ಮಾಡಬಹುದು. ಕಾಣದ ಮಕ್ಕಳಿಗೆ ಉಳಿದಿರುವುದು ಹೆರಿಗೆ ವಾರ್ಡಿನ ತಪಾಸಣೆ.

ಕಣ್ಣಿಗೆ ನೀಲಿ ಕಾಣುತ್ತದೆ ಅಂತ ನಂಬಿ ಕೂರಬಾರದು. ತುಟಿ ನೀಲಿ ಅಂತ ಕಾಣಬೇಕಾದರೆ ಆಕ್ಸಿಜನ್ ಸುಮಾರು 80ಕ್ಕೆ ಇಳಿದಿರಬೇಕು. ಕಪ್ಪು ಮೈಬಣ್ಣದ ನಮ್ಮ ಮಕ್ಕಳಲ್ಲಿ, ಟ್ಯೂಬ್‌ಲೈಟ್ ಬೆಳಕಿನ ವಾರ್ಡಿನಲ್ಲಿ, ಮೇಲೆ ಕಾಮಾಲೆಯ ಹಳದಿಯೂ ಸೇರಿದರೆ ಅನುಭವಸ್ಥ ನರ್ಸಿಗೂ ಗೊತ್ತಾಗುವುದಿಲ್ಲ. ಪಲ್ಸ್ ಆಕ್ಸಿಮೀಟರ್‌ಗೆ ಗೊತ್ತಾಗುತ್ತದೆ. ಕೊರೊನಾ ಕಾಲದಲ್ಲಿ ಮನೆಮನೆಗೂ ಬಂತಲ್ಲ, ಅದೇ. ಆದರೆ ದೊಡ್ಡವರ ಬೆರಳಿಗೆ ಹಾಕುವ ಕ್ಲಿಪ್ ಹಸುಗೂಸಿಗೆ ನಡೆಯುವುದಿಲ್ಲ. ಪಾದಕ್ಕೆ ಸುತ್ತುವ ಎಳೆ ಮಕ್ಕಳ ಪ್ರೋಬ್ ಬೇಕು.

ಮಾಡುವ ರೀತಿ ಇಷ್ಟೇ. ಹುಟ್ಟಿ 24 ಗಂಟೆ ಆದ ಮೇಲೆ, ಮಗು ಬೆಚ್ಚಗೆ ಸುಮ್ಮನಿರುವಾಗ, ಬಲಗೈಗೆ ಪ್ರೋಬ್ ಸುತ್ತಿ ಅಂಕಿ ನಿಲ್ಲುವ ತನಕ ಕಾಯಬೇಕು. ಆಮೇಲೆ ಒಂದು ಕಾಲಿಗೆ. ಬಲಗೈಯೇ ಯಾಕೆಂದರೆ ಅದಕ್ಕೆ ರಕ್ತ ಅಡ್ಡನಾಳಕ್ಕಿಂತ ಮುಂಚೆ ಕವಲೊಡೆದು ಹೋಗುತ್ತದೆ, ಕಾಲಿಗೆ ಅದನ್ನು ದಾಟಿ ಹೋಗುತ್ತದೆ. ಎರಡು ಕಡೆ ವ್ಯತ್ಯಾಸ ಇದ್ದರೆ ನಡುವೆ ಏನೋ ಸರಿಯಿಲ್ಲ. ಮೊದಲು ಜಾರಿಗೆ ಬಂದು ಹೆಚ್ಚು ಬಳಕೆಯಲ್ಲಿರುವ ನಿಯಮದ ಪ್ರಕಾರ 95 ಅಥವಾ ಅದಕ್ಕಿಂತ ಮೇಲಿದ್ದು, ಕೈ-ಕಾಲಿನ ವ್ಯತ್ಯಾಸ 3ರೊಳಗಿದ್ದರೆ ಪಾಸ್. ಎಲ್ಲಿಯಾದರೂ 90ಕ್ಕಿಂತ ಕೆಳಗಿದ್ದರೆ ತಕ್ಷಣ ಡಾಕ್ಟರು, ಎಕೋ. ನಡುವೆ ಇದ್ದರೆ ಗಂಟೆ ಬಿಟ್ಟು ಮತ್ತೆ ನೋಡಬೇಕು. ಅಮೆರಿಕ 2011ರಲ್ಲಿ ಎಲ್ಲ ನವಜಾತ ಶಿಶುಗಳಿಗೂ ಇದನ್ನು ಶಿಫಾರಸು ಮಾಡಿತು. ಐದು ನಿಮಿಷದ ಕೆಲಸ, ಸೂಜಿ ಇಲ್ಲ, ನೋವಿಲ್ಲ. ಮಹಾನಾಳ ಕಿರಿದಾದಂಥ ಕೆಲವು ದೋಷಗಳು ಇದರಲ್ಲೂ ತಪ್ಪಿಸಿಕೊಳ್ಳುತ್ತವೆ, ಅದಕ್ಕೆ ಕಾಲಿನ ನಾಡಿಯನ್ನೂ ಮುಟ್ಟಿ ನೋಡಬೇಕು. ಹಾಸನ, ಚಿಕ್ಕಮಗಳೂರಿನ ಯಾವ ಹೆರಿಗೆ ಆಸ್ಪತ್ರೆಯೇ ಆಗಲಿ, ಸರ್ಕಾರಿ ಇರಲಿ ನರ್ಸಿಂಗ್ ಹೋಂ ಇರಲಿ, ಡಿಸ್ಚಾರ್ಜ್‌ಗೆ ಮುಂಚೆ ಈ ಎರಡು ಅಂಕಿಗಳನ್ನು ತಾಯಿ ಕಾರ್ಡಿನಲ್ಲಿ ಬರೆದುಕೊಡಬೇಕು. ಕೊಡದಿದ್ದರೆ ನಾವೇ ಕೇಳಿ ಬರೆಸಿಕೊಳ್ಳಬೇಕು.

ಮಕ್ಕಳ ದೋಷಗಳನ್ನು ಹುಡುಕಲು ಸರ್ಕಾರದ ಆರ್‌ಬಿಎಸ್‌ಕೆ ಕಾರ್ಯಕ್ರಮ 2013ರಿಂದ ಇದೆ. ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರುತ್ತವೆ. ಎಎಸ್‌ಡಿ ಇರುವ ಐದು ವರ್ಷದ ಹುಡುಗಿಯನ್ನು ಹಿಡಿಯಲು ಇದು ಒಳ್ಳೆಯ ಬಲೆ. ಆದರೆ ನಾಲ್ಕನೇ ದಿನ ಅಡ್ಡನಾಳ ಮುಚ್ಚುವ ಮಗು ಆ ಬಲೆಗೆ ಸಿಗುವುದೇ ಇಲ್ಲ. ಅದಕ್ಕೆ ಹತ್ತಿರ ಇರುವವರು ಆಶಾ ಕಾರ್ಯಕರ್ತೆಯರು. ಆಸ್ಪತ್ರೆ ಹೆರಿಗೆ ಆದ ಮನೆಗೆ ಅವರು 3, 7, 14, 21, 28, 42ನೇ ದಿನ ಹೋಗುತ್ತಾರೆ. 3 ಮತ್ತು 7ನೇ ದಿನ ಅಂದರೆ ಸರಿಯಾಗಿ ಅಪಾಯದ ಹೊತ್ತು. ಅವರ ಚೀಲದಲ್ಲಿ ಥರ್ಮಾಮೀಟರ್ ಇದೆ, ತಕ್ಕಡಿ ಇದೆ. ಎಳೆ ಮಕ್ಕಳ ಪ್ರೋಬ್ ಇರುವ ಆಕ್ಸಿಮೀಟರನ್ನೂ ಕೊಟ್ಟು ಒಂದು ದಿನ ತರಬೇತಿ ಕೊಟ್ಟರೆ ಎಷ್ಟು ಚೆನ್ನಾಗಿರುತ್ತದೆ!

ಯಂತ್ರ ಇಲ್ಲದಿದ್ದರೂ ಮನೆಯವರ ಕಣ್ಣಿಗೆ ಬೀಳುವ ಲಕ್ಷಣಗಳಿವೆ. ಮಗು ಎರಡು ಗುಟುಕು ಕುಡಿದು ಸುಸ್ತಾಗಿ ಮೊಲೆ ಬಿಡುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಹಸಿದು ಅಳುತ್ತದೆ. ಕುಡಿಯುವಾಗ ಹಣೆ ಬೆವರುತ್ತದೆ, ಮಲೆನಾಡಿನ ಚಳಿಯಲ್ಲೂ. ನಿದ್ದೆಯಲ್ಲೂ ಉಸಿರು ನಿಮಿಷಕ್ಕೆ 60 ದಾಟುತ್ತದೆ, ಪಕ್ಕೆ ಒಳಗೆ ಎಳೆಯುತ್ತದೆ. ತೂಕ ಏರುವುದಿಲ್ಲ. ಪದೇ ಪದೇ ಕಫ, ನ್ಯುಮೋನಿಯಾ. ಇಂಥ ಮಗುವನ್ನು ನೋಡಿ 'ಏನಾಗಕಿಲ್ಲ ಕಣವ್ವ, ದೃಷ್ಟಿ ಆಗೈತೆ, ನೀನೂ ಚಿಕ್ಕೋಳಿದ್ದಾಗ ಹಿಂಗೇ ಇದ್ದೆ' ಅಂತ ಅಜ್ಜಿ ಪ್ರೀತಿಯಿಂದಲೇ ಹೇಳುತ್ತಾಳೆ. ದೃಷ್ಟಿ ತೆಗೆಯಲಿ, ಯಾರೂ ಬೇಡ ಅನ್ನುವುದಿಲ್ಲ. ಅವತ್ತೇ ಮಕ್ಕಳ ಡಾಕ್ಟರಿಗೂ ತೋರಿಸಲಿ.

ತಾಯಿಯನ್ನು ದೂರುವುದನ್ನಂತೂ ಬಿಡಲೇಬೇಕು. ರಕ್ತಸಂಬಂಧದ ಮದುವೆ, ತಾಯಿಗೆ ಸಕ್ಕರೆ ಕಾಯಿಲೆ, ಬಸುರಿಯಲ್ಲಿ ರುಬೆಲ್ಲಾ, ಡೌನ್ ಸಿಂಡ್ರೋಮ್, ಇವು ಸಾಧ್ಯತೆ ಹೆಚ್ಚಿಸುತ್ತವೆ. ಆದರೆ ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಕಾರಣ ಅಂತ ಬೊಟ್ಟು ಮಾಡಲು ಆಗುವುದಿಲ್ಲ. ಗ್ರಹಣದಲ್ಲಿ ಹೊರಗೆ ಬಂದಳು ಅನ್ನುವ ಮಾತಿಗೆ ಯಾವ ಆಧಾರವೂ ಇಲ್ಲ.

ಗೊತ್ತಾಯಿತು ಅಂತಿಟ್ಟುಕೊಳ್ಳಿ. ಹಾಸನದಿಂದ ಬೆಂಗಳೂರು 180 ಕಿಲೋಮೀಟರ್ ಮೇಲೆ, ಚಿಕ್ಕಮಗಳೂರಿನಿಂದ ಇನ್ನೂ 60 ಜಾಸ್ತಿ. ಶೃಂಗೇರಿ, ಕೊಪ್ಪದವರು ಮಣಿಪಾಲದ ಕಡೆ ಇಳಿಯುತ್ತಾರೆ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಕುಸಿದರೆ ಮಂಗಳೂರಿನ ದಾರಿಯೇ ಬಂದ್. ಈ ದಾರಿಯುದ್ದಕ್ಕೂ ಅಡ್ಡನಾಳ ಮುಚ್ಚದಂತೆ ಹಿಡಿಯುವ ಔಷಧಿ ಇದೆ, ಪ್ರೊಸ್ಟಗ್ಲಾಂಡಿನ್ ಇ1. ವಿಶ್ವ ಆರೋಗ್ಯ ಸಂಸ್ಥೆಯ ಮಕ್ಕಳ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಫ್ರಿಜ್‌ನಲ್ಲಿಡಬೇಕು, ಹನಿಹನಿಯಾಗಿ ಪಂಪಿನಲ್ಲಿ ಕೊಡಬೇಕು. ಅದು ಮಗುವಿನ ಉಸಿರು ನಿಲ್ಲಿಸುವ ಸಾಧ್ಯತೆಯೂ ಇರುವುದರಿಂದ ಜೊತೆಯಲ್ಲಿ ಉಸಿರಾಟದ ನಳಿಕೆ ಹಾಕಬಲ್ಲವರು ಇರಬೇಕು. ಇದಿಲ್ಲದೆ ಬರೀ ಆಕ್ಸಿಜನ್ ಮಾಸ್ಕ್ ಹಾಕಿ ಟವಲ್ ಸುತ್ತಿ ಅಜ್ಜಿಯ ಮಡಿಲಲ್ಲಿ ಕೂರಿಸಿ ಕಳಿಸಿದರೆ, ಬಲೂನು ಹಿಡಿದು ಕಾಯುತ್ತಿರುವ ಡಾಕ್ಟರ ಕೈಗೆ ತಣ್ಣಗಾದ ಮಗು ಸಿಗುತ್ತದೆ.

ನಮ್ಮ ಜಿಲ್ಲೆಗೂ ಒಂದು ದೊಡ್ಡ ಹೃದಯ ಆಸ್ಪತ್ರೆ ಬೇಕು ಅನ್ನುವ ಬೇಡಿಕೆ ಕೇಳುತ್ತೇವೆ. ದೊಡ್ಡವರ ಹೃದಯಾಘಾತಕ್ಕೆ ಅದು ಸರಿಯಾದ ಬೇಡಿಕೆ. ಹಸುಗೂಸುಗಳ ಕ್ಯಾತ್‌ಲ್ಯಾಬ್, ಅಂದರೆ ಈ ನಳಿಕೆ ಚಿಕಿತ್ಸೆ ಮಾಡುವ ಕೊಠಡಿ, ಜಿಲ್ಲೆಗೊಂದು ಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ವರ್ಷಕ್ಕೆ ಬೆರಳೆಣಿಕೆಯಷ್ಟು ಮಗು ಬರುವ ಕಡೆ ಕೈ ಪಳಗುವುದಿಲ್ಲ, ಪಳಗದ ಕೈಯಿಂದ ಇಂಥ ಮಕ್ಕಳು ಉಳಿಯುವುದಿಲ್ಲ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ, ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯಲ್ಲಿ ಬೇಕಾಗಿರುವುದು ಎಳೆ ಮಕ್ಕಳ ಎಕೋ ಮಾಡಬಲ್ಲ ಒಬ್ಬರು, ಫ್ರಿಜ್‌ನಲ್ಲಿ ಸದಾ ಪ್ರೊಸ್ಟಗ್ಲಾಂಡಿನ್, ಮಗುವನ್ನು ಬೆಚ್ಚಗೆ ಒಯ್ಯುವ ಸಾಧನ ಇರುವ ಆಂಬುಲೆನ್ಸು, ರಾತ್ರಿ ಎರಡು ಗಂಟೆಗೂ ಫೋನ್ ಎತ್ತುವ ಒಂದು ಮಕ್ಕಳ ಹೃದಯ ಕೇಂದ್ರ. ಇದಕ್ಕೆ ಮಾದರಿ ನಮ್ಮಲ್ಲೇ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೃದಯಾಘಾತವಾದವರ ಇಸಿಜಿ ತಾಲ್ಲೂಕು ಆಸ್ಪತ್ರೆಯಿಂದ ದೊಡ್ಡ ಕೇಂದ್ರಕ್ಕೆ ಹೋಗಿ, ಅಲ್ಲಿನ ಸಲಹೆಯಂತೆ ಇಲ್ಲೇ ಇಂಜೆಕ್ಷನ್ ಕೊಡುತ್ತಾರೆ. ಅದೇ ಜಾಲಕ್ಕೆ ಹಸುಗೂಸುಗಳನ್ನೂ ಸೇರಿಸಬಹುದು.

ದುಡ್ಡಿನ ಭಯದಿಂದ ಮನೆಯಲ್ಲೇ ಉಳಿಯುವವರು ಇದನ್ನು ತಿಳಿದಿರಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಬೆಂಗಳೂರು ವೈಟ್‌ಫೀಲ್ಡಿನ ಶ್ರೀ ಸತ್ಯಸಾಯಿ ಆಸ್ಪತ್ರೆಯಲ್ಲಿ 2001ರಿಂದಲೂ ಹೃದಯ ಚಿಕಿತ್ಸೆ ಪೂರ್ತಿ ಉಚಿತ. ಹಸುಗೂಸಿನ ಹೆಸರು ಇನ್ನೂ ರೇಷನ್ ಕಾರ್ಡಿನಲ್ಲಿ ಇರುವುದಿಲ್ಲ, ಹಾಗಾಗಿ ಅಪ್ಪ-ಅಮ್ಮನ ಕಾರ್ಡು, ಆಧಾರ್, ತಾಯಿ ಕಾರ್ಡು, ಡಿಸ್ಚಾರ್ಜ್ ಚೀಟಿ, ರೆಫರಲ್ ಪತ್ರ ಎಲ್ಲ ಒಂದೇ ಕವರಿನಲ್ಲಿ ಹಿಡಿದು ಹೊರಡಿ. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಿಗೆ ಅಸ್ಸಾಂನಿಂದ ಬಂದ ಕೂಲಿ ಕುಟುಂಬಗಳ ಪಾಡು ಇನ್ನೂ ಕಷ್ಟ. ಅವರ ಊರಿನ ಆಯುಷ್ಮಾನ್ ಕಾರ್ಡು ಇಲ್ಲೂ ನಡೆಯುತ್ತದೆ, ಆದರೆ ಅದು ಅವರಿಗೆ ಗೊತ್ತಿಲ್ಲ, ಕಾರ್ಡೂ ಊರಲ್ಲೇ ಬಿಟ್ಟು ಬಂದಿರುತ್ತಾರೆ. ತೋಟದ ಮಾಲೀಕರು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಒಂದು ಮಾತು ಕೇಳಿ ಮೊಬೈಲಿನಲ್ಲಿ ಫೋಟೋ ಇಟ್ಟುಕೊಂಡರೂ ಸಹಾಯವಾಗುತ್ತದೆ.

ಚಿಕಿತ್ಸೆ ಆದ ಮೇಲೆ ಅಡ್ಡನಾಳಕ್ಕೆ ಬಟನ್ ಹಾಕಿದ ಮಗು, ಬೇರೆ ತೊಂದರೆ ಇಲ್ಲದಿದ್ದರೆ, ಒಂದೆರಡು ದಿನಕ್ಕೆ ಮನೆಗೆ ಬರುತ್ತದೆ. ಲಸಿಕೆ ನಿಲ್ಲಿಸಬೇಡಿ. ಡಾಕ್ಟರು ಹೇಳಿದ ದಿನಕ್ಕೆ ಎಕೋ ಮಾಡಿಸಿ, ಮಗು ಆಡುತ್ತಿದೆಯಲ್ಲ ಅಂತ ಬಿಡಬೇಡಿ. ಬಟನ್ ಹಾಕಿದ ಮೊದಲ ಆರು ತಿಂಗಳು ಹಲ್ಲು, ಒಸಡಿನ ಚಿಕಿತ್ಸೆಗೆ ಹೋದರೆ ಮೊದಲೇ ಹೇಳಬೇಕು, ಸೋಂಕು ತಡೆಯುವ ಔಷಧಿ ಬೇಕಾಗುತ್ತದೆ. ಬಲೂನು ಹಾಕಿದ ಕವಾಟ, ಸ್ಟೆಂಟು ಇಟ್ಟ ನಾಳ ಇರುವವರಿಗೆ ವರ್ಷಗಟ್ಟಲೆ ತಪಾಸಣೆ ಇರುತ್ತದೆ. ಫೈಲನ್ನು ಜೋಪಾನವಾಗಿಡಿ. ಹೆಣ್ಣುಮಗುವಾದರೆ ಮುಂದೆ ಮದುವೆ ಮಾತು ಬಂದಾಗ ಅದನ್ನು ಬಚ್ಚಿಡಬೇಡಿ, ಅವಳು ಬಸುರಿಯಾದ ಕೂಡಲೇ ಡಾಕ್ಟರು ಮೊದಲು ನೋಡಬೇಕಾದ ಕಾಗದ ಅದೇ.